ಸ್ಪಾಟ್‌ಲೈಟಿನ ಗೃಹಪ್ರವೇಶ

ಬೆಂಗಳೂರಿನ ಮನೆಗಳಲ್ಲಿ ಈಗ ಕೆಲಸಕ್ಕೆ ಬಾರದ ವಸ್ತುವಿಗೇ ಮರ್ಯಾದೆ ಹೆಚ್ಚು. ರುಬ್ಬುವಷ್ಟು ಕಾಲವೂ ಹಿತ್ತಲಲ್ಲಿ ಬಿದ್ದಿದ್ದ ಒರಳುಕಲ್ಲು, ರುಬ್ಬುವುದು ನಿಂತಮೇಲೆ ಗಾಜಿನ ಹಲಗೆ ಹೊತ್ತು ನಡುಮನೆಯಲ್ಲಿ ಟೀಪಾಯಿಯಾಗಿ ಕೂತಿದೆ. ಬಾವಿಯ ರಾಟೆ ಬಾಲ್ಕನಿಯಲ್ಲಿ ಮನಿಪ್ಲಾಂಟ್ ಎತ್ತಿ ಹಿಡಿದಿದೆ. ಸೇರು, ಪಾವು, ಚಟಾಕುಗಳು ಪೆನ್ನು ಪೆನ್ಸಿಲ್ ಇಟ್ಟುಕೊಂಡು ನಿವೃತ್ತಿಯ ದಿನ ದೂಡುತ್ತಿವೆ. ಈ ಸಾಲಿಗೆ ಹೊಸದಾಗಿ ಸೇರಿರುವುದು ನಾಟಕದ ಹಳೇ ಸ್ಪಾಟ್‌ಲೈಟು. ಕಾಫಿಗೆಂದು ಸ್ವಲ್ಪ ದುಬಾರಿ ಕೆಫೆಗೆ ಹೋದರೆ ಮೂಲೆಯಲ್ಲಿ ಮುಕ್ಕಾಲಿಯ ಮೇಲೆ ತಲೆ ತಗ್ಗಿಸಿ ನಿಂತಿರುತ್ತದೆ. ಒಂದು ಕಾಲಕ್ಕೆ ದುರ್ಯೋಧನನ ಕಿರೀಟ ಹೊಳೆಸಿದ ಜೀವ, ಈಗ ಹೊಟ್ಟೆಯಲ್ಲಿ ಜೀರೋ ಕ್ಯಾಂಡಲ್ ಬಲ್ಬು ಇಟ್ಟುಕೊಂಡು, ಮೆನು ಕಾರ್ಡಿನ ಬೆಲೆ ಕಾಣಿಸದಷ್ಟು ಬೆಳಕು ಕೊಡುತ್ತಿರುತ್ತದೆ. ಬೆಲೆ ನೋಡಿದರೆ ಅದು ಬೇಕೆಂದೇ ಮಾಡಿದ ಏರ್ಪಾಡು ಅನಿಸುತ್ತದೆ.

ಇದನ್ನೆಲ್ಲ ಇನ್ನಷ್ಟು ಗೇಲಿ ಮಾಡಬಹುದಿತ್ತು. ಆದರೆ ಅಂಥದ್ದೇ ಒಂದು ಈಗ ನಮ್ಮ ಮನೆಯಲ್ಲೂ ನೇತಾಡುತ್ತಿದೆ.

ನಮ್ಮ ಬಡಾವಣೆಯ ಹವ್ಯಾಸಿ ನಾಟಕ ತಂಡ ಕಣ್ಣು ಮುಚ್ಚಿ ಬಹಳ ಕಾಲವಾಗಿತ್ತು. ತಂಡ ಹೋದರೂ ಅದರ ಆಸ್ತಿಪಾಸ್ತಿ ಮಾಜಿ ಕಾರ್ಯದರ್ಶಿಗಳ ಅಟ್ಟದ ಮೇಲೆ ಹಾಗೇ ಉಳಿದಿತ್ತು: ರಟ್ಟಿನ ಗದೆ, ಬೇಗಡೆ ಕಿತ್ತುಹೋದ ಕಿರೀಟ, ಗೋಣಿಚೀಲದ ತುಂಬ ಸ್ಮರಣಿಕೆ, ಅವುಗಳ ಹಿಂದೆ ಮೋರೆ ತಿರುಗಿಸಿಕೊಂಡ ಕಪ್ಪನೆಯ ಸ್ಪಾಟು. ಅವರು ಮನೆ ಖಾಲಿ ಮಾಡುವ ದಿನ ಗುಜರಿಯವನು ಅದನ್ನು ತಕ್ಕಡಿಗೆ ಹಾಕಿ, “ತಗಡಿನ ರೇಟು ಸಾರ್, ಗಾಜಿಗೆ ದುಡ್ಡಿಲ್ಲ” ಅಂದ. ಆ ಗಾಜೇ ಅದರ ಪ್ರಾಣ. ನಾನು ಗುಜರಿಯವನಿಗಿಂತ ಸ್ವಲ್ಪ ಹೆಚ್ಚು ಕೊಟ್ಟು ಆಟೋದಲ್ಲಿ ತೊಡೆಯ ಮೇಲೆ ಕೂರಿಸಿಕೊಂಡು ತಂದೆ.

ಬಾಗಿಲಲ್ಲೇ ಹೆಂಡತಿ ಕೇಳಿದಳು, “ಇದೇನ್ರೀ, ಬಾಯ್ಲರಾ?”

ಹಳೇ ಲೈಟಿನ ಹುಚ್ಚಿರುವವರು ಹುಡುಕುವುದು ವಂಶಾವಳಿಯನ್ನು. ಲಂಡನ್ನಿನ ಸ್ಟ್ರ್ಯಾಂಡ್ ಎಲೆಕ್ಟ್ರಿಕ್ ಕಂಪನಿ 1953ರಲ್ಲಿ ‘ಪ್ಯಾಟರ್ನ್ 23’ ಎಂಬ ಪುಟ್ಟ ಸ್ಪಾಟನ್ನು ತಂದಿತು. ಅಚ್ಚಿನಲ್ಲಿ ಎರಕ ಹೊಯ್ದ ಅಲ್ಯೂಮಿನಿಯಂ ಮೈ, 500 ವಾಟಿನ ದೀಪ. ಅದು ಸಿಕ್ಕಿದರೆ ಈ ಮಂದಿ ಮಗುವನ್ನು ಎತ್ತಿಕೊಂಡ ಹಾಗೆ ಎತ್ತಿಕೊಳ್ಳುತ್ತಾರೆ. ನಮ್ಮದಕ್ಕೆ ಅಂಥ ಗೋತ್ರಸೂತ್ರ ಏನೂ ಇಲ್ಲ. ತಂಡಕ್ಕೆ ಮೊದಲಿನಿಂದ ಕೊನೆಯವರೆಗೂ ಬೆಳಕು ಮಾಡಿದ ಹಿರಿಯರೊಬ್ಬರಿದ್ದಾರೆ, ನಾಟಕದವರ ಬಾಯಲ್ಲಿ ಅವರು ‘ಲೈಟು ರಾಯರು’. ಫೋನಿನಲ್ಲಿ ಫೋಟೋ ನೋಡಿದವರೇ ತೀರ್ಪು ಕೊಟ್ಟರು: “ಇದು ಇಲ್ಲೇ ಯಾರೋ ತಗಡು ಬಗ್ಗಿಸಿ ಮಾಡಿದ್ದು ಕಣಪ್ಪ. ಫ್ರೆನೆಲ್ ಲೆನ್ಸು ಮಾತ್ರ ಒಳ್ಳೇದು. ಒಡೀಬೇಡ.”

ಫ್ರೆನೆಲ್ ನಾಟಕದವನಲ್ಲ. ಆಗಸ್ಟಿನ್ ಫ್ರೆನೆಲ್ ಎಂಬ ಫ್ರಾನ್ಸಿನ ಎಂಜಿನಿಯರ್ ತಲೆಕೆಡಿಸಿಕೊಂಡದ್ದು ಹಡಗುಗಳಿಗಾಗಿ. ದೀಪಸ್ತಂಭದ ಬೆಳಕನ್ನು ದೂರಕ್ಕೆ ಕಳಿಸಬೇಕಾದರೆ ದೊಡ್ಡ ಲೆನ್ಸು ಬೇಕು. ದೊಡ್ಡ ಲೆನ್ಸು ಅಂದರೆ ಹೊರಲಾರದಷ್ಟು ದಪ್ಪನೆಯ ಗಾಜು. ಬೆಳಕು ಬಾಗುವುದು ಗಾಜಿನ ಮೇಲ್ಮೈಯಲ್ಲಿ, ಒಳಗಿನ ದಪ್ಪ ಬರೀ ಹೊರೆ ಎಂದು ಕಂಡುಕೊಂಡ ಆತ, ಆ ಹೊರೆಯನ್ನು ತೆಗೆದುಹಾಕಿ ಮೇಲ್ಮೈಯನ್ನು ಮಾತ್ರ ಮೆಟ್ಟಿಲು ಮೆಟ್ಟಿಲಾದ ಬಳೆಗಳಾಗಿ ಉಳಿಸಿಕೊಂಡ. 1823ರಲ್ಲಿ ಫ್ರಾನ್ಸಿನ ಕೊರ್ಡುವಾನ್ ದೀಪಸ್ತಂಭದಲ್ಲಿ ಅದು ಬೆಳಗಿತು. ನೂರು ವರ್ಷ ದಾಟಿದ ಮೇಲೆ ಸಿನಿಮಾದವರೂ ನಾಟಕದವರೂ ಅದನ್ನು ಒಳಗೆ ಕರೆದುಕೊಂಡರು. ಅಂಚು ಮೆತ್ತಗಿರುವ ಬೆಳಕು ಅದರದ್ದು. ರಾಜ ಎಲ್ಲಿ ಮುಗಿದ, ಕತ್ತಲು ಎಲ್ಲಿ ಶುರುವಾಯಿತು ಎಂದು ಗೆರೆ ಎಳೆದು ತೋರಿಸುವುದಿಲ್ಲ.

ಆ ಬಳೆಗಳ ಸಂದಿಯಲ್ಲಿ ಹಲವು ದಶಕಗಳ ನಾಟಕದ ಧೂಳು ಕೂತಿತ್ತು. ಸೋಪಿನ ನೀರು, ಹಳೇ ಟೂತ್‌ಬ್ರಶ್ಶು ಹಿಡಿದು ಒಳಗಿನ ಬಳೆಯಿಂದ ಹೊರಗಿನ ಬಳೆಗೆ ಬಂದೆ. ಲೆನ್ಸನ್ನು ಹಿಡಿದಿದ್ದ ಸ್ಪ್ರಿಂಗು ಸಡಿಲ ಇತ್ತು. ಬಿಗಿ ಮಾಡೋಣವೆಂದರೆ ಲೈಟು ರಾಯರು ಬಿಡಲಿಲ್ಲ. ಕಾದ ಗಾಜು ಹಿಗ್ಗಬೇಕು, ಹಿಗ್ಗಲು ಜಾಗ ಇಲ್ಲದಿದ್ದರೆ ಸೀಳುತ್ತದಂತೆ. ಒಳಗೆ ದೀಪದ ಹಿಂದೆ ಬಟ್ಟಲಿನಂಥ ಒಂದು ಪ್ರತಿಫಲಕ. ಅಮ್ಮ ಅದನ್ನು ನೋಡಿದ್ದೇ ತಡ, “ಕೊಡೋ, ಹುಣಸೆಹಣ್ಣು ಹಾಕಿ ತಿಕ್ಕಿಕೊಡ್ತೀನಿ, ಫಳಫಳ ಅನ್ನತ್ತೆ” ಅಂದರು. ಹಿತ್ತಾಳೆಯ ನ್ಯಾಯ ಅಲ್ಯೂಮಿನಿಯಂಗೆ ಆಗುವುದಿಲ್ಲ, ಒಂದು ಗೀರು ಬಿದ್ದರೂ ಅದು ಗೋಡೆಯ ಮೇಲೆ ಕಾಣುತ್ತದೆ ಎಂದು ತಿಳಿಹೇಳುವಷ್ಟರಲ್ಲಿ ನನ್ನ ಕಾಫಿ ಆರಿತ್ತು.

ಇಂಥದ್ದನ್ನು ಬಿಚ್ಚುವವರು ಮೊದಲು ನೋಡಬೇಕಾದ್ದು ತುಕ್ಕನ್ನಲ್ಲ, ವೈರನ್ನು. ಆ ಕಾಲದ ಲೈಟುಗಳ ಒಳಗೆ ರಬ್ಬರು ಕರಗಿಹೋಗುತ್ತದೆಂದು ವೈರಿಗೆ ಕಲ್ನಾರಿನ ಕವಚ ತೊಡಿಸುತ್ತಿದ್ದರು. ಬೆಳ್ಳಗೆ, ಮೃದುವಾಗಿ, ಮುಟ್ಟಿದರೆ ಎಳೆ ಎಳೆಯಾಗಿ ಬಿಡುತ್ತದೆ. ಆ ಎಳೆ ಉಸಿರಿನ ಜೊತೆ ಪುಪ್ಪುಸಕ್ಕೆ ಇಳಿದರೆ ಎಷ್ಟೋ ದಶಕ ಬಿಟ್ಟು ಕಾಯಿಲೆಯಾಗಿ ಎದ್ದುಬರುತ್ತದೆ. ಹಾಗಾಗಿ ಒಣಗಿದ್ದನ್ನು ಮುಟ್ಟದೆ, ನೀರು ಚಿಮುಕಿಸಿ, ಮಾಸ್ಕ್ ಹಾಕಿ, ಪ್ಲಾಸ್ಟಿಕ್ ಚೀಲದೊಳಗೆ ಇನ್ನೊಂದು ಚೀಲ ಹಾಕಿ ಕಟ್ಟಬೇಕು. ನಮ್ಮ ಮನೆಯಲ್ಲಿ ಅಷ್ಟೆಲ್ಲ ವೇಷ ಕಟ್ಟಿದವನು ಎಲೆಕ್ಟ್ರಿಷಿಯನ್. ಅಮ್ಮ ದೂರದಿಂದ ನೋಡಿ, “ಎಷ್ಟು ಚೆನ್ನಾಗಿದೆ, ಬತ್ತಿಗಾಗತ್ತೇನೋ” ಅಂದರು. ತೀರ ತಪ್ಪೇನಲ್ಲ, ಪುರಾತನ ಗ್ರೀಕರು ದೇವಿಯ ದೀಪಕ್ಕೆ ಕಲ್ನಾರಿನ ಬತ್ತಿಯನ್ನೇ ಹಾಕಿದ್ದರಂತೆ. ಸುಡದ ಬತ್ತಿ. ಆದರೆ ಆ ವಿಷಯ ಅಮ್ಮನ ಕಿವಿಗೆ ಬೀಳದಂತೆ ನೋಡಿಕೊಂಡೆ. ಹೊಸದಾಗಿ ಶಾಖ ತಡೆಯುವ ಸಿಲಿಕೋನ್ ವೈರು ಬಂತು. ಮೊದಲು ಇಲ್ಲದಿದ್ದ ಅರ್ತಿಂಗ್ ವೈರೂ ಬಂತು. ಪಿಂಗಾಣಿ ಹೋಲ್ಡರಿಗೂ ಬದಲಿ ಸಿಕ್ಕಿತು.

ಮೈಯ ತುಂಬ ಗಾಳಿಕಿಂಡಿಗಳಿದ್ದವು, ಅವುಗಳಲ್ಲಿ ಕಣಜದ ಮಣ್ಣಿನ ಗೂಡು. ಕೆರೆದು ತೆಗೆದಾಗ ಆ ಕಿಂಡಿಗಳ ಜಾಣತನ ಕಂಡಿತು. ಪ್ರತಿ ಕಿಂಡಿಯ ಹಿಂದೆ ಸ್ವಲ್ಪ ಬಿಟ್ಟು ಒಂದು ತಗಡಿನ ಅಡ್ಡಗೋಡೆ. ಬಿಸಿಗಾಳಿ ಅದನ್ನು ಬಳಸಿಕೊಂಡು ಹೊರಗೆ ಹೋಗುತ್ತದೆ. ಬೆಳಕಿಗೆ ಬಳಸಿ ಹೋಗುವ ಬುದ್ಧಿ ಇಲ್ಲ, ಗೋಡೆಗೆ ಬಡಿದು ಅಲ್ಲೇ ಉಳಿಯುತ್ತದೆ. ತಗಡು ಬಗ್ಗಿಸಿದ ಆ ಅನಾಮಧೇಯನಿಗೆ ನಾನು ಮನಸ್ಸಿನಲ್ಲೇ ಕೈಮುಗಿದೆ. ಬಣ್ಣಕ್ಕೆ ಬೈಕಿನ ಸೈಲೆನ್ಸರಿಗೆ ಹೊಡೆಯುವ ಕರೀ ಸ್ಪ್ರೇ ತಂದೆ, ಶಾಖಕ್ಕೆ ಸಿಪ್ಪೆ ಏಳಬಾರದಲ್ಲ. ಅಂಗಡಿಯವನು “ಯಾವ ಗಾಡಿ ಸಾರ್?” ಅಂದ. “ನಾಟಕದ್ದು” ಅಂದೆ. ಚಿಲ್ಲರೆ ಕೊಡುವಾಗ ಅವನು ನನ್ನ ಮುಖ ನೋಡಲಿಲ್ಲ.

ಈ ಮಧ್ಯೆ ಲೈಟು ರಾಯರು ಆಗಾಗ ಬಂದು ಕೂತು ಹಳೇ ಪುರಾಣ ಬಿಚ್ಚುತ್ತಿದ್ದರು. ಕಂಪನಿ ನಾಟಕದವರಿಗೇನು, ಬಣ್ಣದ ಪರದೆಗಳಿದ್ದವು. ಗುಬ್ಬಿ ವೀರಣ್ಣನವರ ‘ಕುರುಕ್ಷೇತ್ರ’ಕ್ಕೆ ಆನೆ ಕುದುರೆಗಳೇ ರಂಗಕ್ಕೆ ಬಂದವು. ಶಿವನಸಮುದ್ರದ ಕರೆಂಟು 1902ರಲ್ಲಿ ಕೋಲಾರದ ಚಿನ್ನದ ಗಣಿಗೆ ಹೋಯಿತು, 1905ರಲ್ಲಿ ಬೆಂಗಳೂರಿನ ಬೀದಿಗೆ ಬಂತು. ಆದರೂ ಊರೂರಿನ ಆಟ ಮೇಳಗಳಿಗೆ ಆಮೇಲೂ ಬಹಳ ಕಾಲ ಪೆಟ್ರೋಮ್ಯಾಕ್ಸೇ ಗತಿ. ಕರಾವಳಿಯವರು ಅದನ್ನು ಗ್ಯಾಸ್‌ಲೈಟು ಅನ್ನುತ್ತಾರೆ. ಪ್ರಸಂಗ ರಂಗೇರಿದ ಹೊತ್ತಿಗೇ ಅದರ ಉಸಿರು ಸೊರಗಿ, ಒಬ್ಬ ಬಂದು ಪಂಪು ಹೊಡೆದು ಹೋಗಬೇಕು. ಹವ್ಯಾಸಿಗಳ ಬಳಿ ಆನೆಯೂ ಇರಲಿಲ್ಲ, ಪರದೆಯೂ ಇರಲಿಲ್ಲ. ಬರಿಯ ರಂಗದ ಮೇಲೆ ಕಾಡು, ಅರಮನೆ, ಬೆಳಗಿನ ಜಾವ ಎಲ್ಲವನ್ನೂ ಲೈಟಿನವನೇ ಕೊಡಬೇಕು. ಕಲ್ಕತ್ತೆಯಲ್ಲಿ ತಾಪಸ್ ಸೇನ್ 1959ರ ‘ಅಂಗಾರ್’ ನಾಟಕದಲ್ಲಿ ಬರಿಯ ಬೆಳಕಿನಿಂದ ಕಲ್ಲಿದ್ದಲ ಗಣಿಗೆ ನೀರು ನುಗ್ಗಿಸಿದರು ಎನ್ನುವಾಗ ರಾಯರ ದನಿ ದೇವರ ಸುದ್ದಿ ಹೇಳುವವರ ದನಿಯಾಗುತ್ತಿತ್ತು.

ತಮ್ಮ ಕಾಲದ ಡಿಮ್ಮರ್ ಬಗ್ಗೆ ಮಾತ್ರ ಅವರಿಗೆ ಭಕ್ತಿಯೂ ಇತ್ತು, ಭಯವೂ ಇತ್ತು. ಉಪ್ಪಿನಕಾಯಿ ಜಾಡಿಯಲ್ಲಿ ನೀರು, ನೀರಿಗೆ ಉಪ್ಪು, ತಳದಲ್ಲಿ ಒಂದು ಲೋಹದ ತಗಡು, ಮೇಲಿನಿಂದ ಹಗ್ಗ ಕಟ್ಟಿ ಇಳಿಬಿಟ್ಟ ಇನ್ನೊಂದು. ಕರೆಂಟು ಉಪ್ಪುನೀರಿನ ಮೂಲಕ ಹಾಯ್ದೇ ದೀಪಕ್ಕೆ ಹೋಗಬೇಕು. ತಗಡು ಇಳಿಸಿದಂತೆ ಬೆಳಕು ಏರುತ್ತದೆ, ಎತ್ತಿದಂತೆ ಇಳಿಯುತ್ತದೆ. ಉಪ್ಪು ಕಡಿಮೆಯಾದರೆ ಸೂರ್ಯ ಹುಟ್ಟುವುದೇ ಇಲ್ಲ. ಹೆಚ್ಚಾದರೆ ಬೆಳಗಿನ ಜಾವವೇ ಇಲ್ಲದೆ ನೇರ ಮಧ್ಯಾಹ್ನ. “ಎಷ್ಟು ಹಾಕ್ತಿದ್ರಿ?” ಅಂದರೆ, “ದೃಶ್ಯಕ್ಕೆ ತಕ್ಕಷ್ಟು” ಅನ್ನುತ್ತಿದ್ದರು. ವಿರಹದ ದೃಶ್ಯ ಉದ್ದವಾದರೆ ಜಾಡಿ ಕುದಿಯಲು ಶುರು. ನಾಯಕಿ ಅತ್ತ ನಿಟ್ಟುಸಿರು ಬಿಡುವಾಗ ಸೈಡ್‌ವಿಂಗಿನಿಂದ ಹಬೆ. ಮುಟ್ಟಿದವನಿಗೆ ಮೋಕ್ಷ, ಈಗಿನವರು ಯಾರೂ ಮಾಡಬಾರದ ಕೆಲಸ ಅದು, ಮಾಡುವುದೂ ಇಲ್ಲ.

ಹಾಗೆಂದು ಅದಕ್ಕೂ ಹಿಂದಿನ ಬೆಳಕು ಸಾಧುವೇನಲ್ಲ. 1881ರ ಡಿಸೆಂಬರ್ 8ರಂದು ವಿಯೆನ್ನಾದ ರಿಂಗ್ ಥಿಯೇಟರ್ ಗ್ಯಾಸ್ ದೀಪದಿಂದ ಹೊತ್ತಿ ನೂರಾರು ಜನ ಸತ್ತರು. ಅದೇ ತಿಂಗಳ 28ಕ್ಕೆ ಲಂಡನ್ನಿನ ಸವಾಯ್ ಥಿಯೇಟರಿನಲ್ಲಿ ಮಾಲೀಕ ರಿಚರ್ಡ್ ಡಾಯ್ಲಿ ಕಾರ್ಟ್ ರಂಗದ ಮೇಲೆ ನಿಂತು, ಉರಿಯುವ ವಿದ್ಯುತ್ ಬಲ್ಬಿಗೆ ತೆಳುಬಟ್ಟೆ ಸುತ್ತಿ ಒಡೆದುಬಿಟ್ಟ. ಬಟ್ಟೆ ಹೊತ್ತಿಕೊಳ್ಳಲಿಲ್ಲ. ಜನ ಚಪ್ಪಾಳೆ ತಟ್ಟಿದರು. ನಾಟಕಕ್ಕಿಂತ ಮೊದಲು ಬಲ್ಬಿಗೇ ಚಪ್ಪಾಳೆ ಬಿದ್ದ ದಿನ ಅದು.

ನಮ್ಮ ಮನೆಯಲ್ಲಿ ತೊಡಕಾದದ್ದು ನೇತುಹಾಕುವುದು. ಮುಕ್ಕಾಲಿಯ ಮೇಲೆ ನಿಲ್ಲಿಸಲು ರಾಯರು ಒಪ್ಪಲಿಲ್ಲ. “ನೆಲದ ಮೇಲೆ ನಿಂತರೆ ಅದು ಲೈಟಲ್ಲ, ಕಾಲಿಗೆ ಸಿಗೋ ಸಾಮಾನು” ಅಂದರು. ಫಾಲ್ಸ್ ಸೀಲಿಂಗಿಗೆ ಜಿಪ್ಸಮ್ ಹಲಗೆ, ಅದಕ್ಕೆ ತನ್ನ ಭಾರವೇ ಹೆಚ್ಚು. ಕೊನೆಗೆ ಹಲಗೆ ಕೊರೆದು, ಮೇಲಿನ ಕಾಂಕ್ರೀಟಿಗೆ ಆಂಕರ್ ಬೋಲ್ಟ್ ಹೊಡೆದು, ಅದಕ್ಕೆ ಒಂದೂವರೆ ಇಂಚಿನ ಜಿ.ಐ. ಪೈಪು ಅಡ್ಡಲಾಗಿ ಕೂರಿಸುವುದೆಂದಾಯಿತು. ಆ ಪೈಪಿನ ಹೊರಮೈ ಅಳತೆ 48 ಮಿಲಿಮೀಟರು. ರಂಗಮಂದಿರಗಳ ಕ್ಲ್ಯಾಂಪುಗಳು ಸಾಮಾನ್ಯವಾಗಿ ಅದಕ್ಕೇ ಅಳೆದು ಮಾಡಿದವು. ಪೈಪು ಕತ್ತರಿಸಲು ಬಂದ ಪ್ಲಂಬರ್ ತಲೆ ಎತ್ತಿ ಬಹಳ ಹೊತ್ತು ನೋಡಿ, “ಸಾರ್, ನೀರು ಎಲ್ಲಿಂದ ಬರತ್ತೆ?” ಅಂದ. ಬರಲ್ಲ ಅಂದೆ. “ಹೋಗೋದು?” ಹೋಗಲ್ಲ. ಹಾಗಾದರೆ ಲೀಕೇಜಿಗೆ ತಾನು ಜವಾಬ್ದಾರನಲ್ಲ ಎಂದು ಖಾತರಿ ಮಾಡಿಕೊಂಡೇ ಕೆಲಸಕ್ಕೆ ಕೈಹಾಕಿದ. ಕ್ಲ್ಯಾಂಪು ಬಿಗಿದ ಮೇಲೆ ಪೈಪಿಗೂ ಲೈಟಿಗೂ ಸೇರಿಸಿ ಸೇಫ್ಟಿ ಚೈನು. ಕ್ಲ್ಯಾಂಪು ಕೈಕೊಟ್ಟರೂ ಲೈಟು ಕೆಳಗಿನವರ ತಲೆಗೆ ಬೀಳಬಾರದು. ಕೆಳಗೆ ಅಮ್ಮನ ಆರಾಮಕುರ್ಚಿ ಇತ್ತು. ಚೈನಿನ ಮೇಲೆ ನಂಬಿಕೆ ಇದ್ದರೂ ಕುರ್ಚಿಯನ್ನು ಪಕ್ಕಕ್ಕೆ ಸರಿಸಿದೆವು.

ಬಲ್ಬಿನ ಬಗ್ಗೆ ಸಣ್ಣ ಜಗಳ. ನಾನು ಎಲ್‌ಇಡಿ ಹಾಕೋಣ ಅಂದೆ. ಹಾಕಿದೆವು, ಗೋಡೆಯ ಮೇಲೆ ಕಲಸಿದ ಗಂಜಿ ಬೆಳಕು. ಈ ಲೆನ್ಸಿಗೆ ಬೇಕಾದ್ದು ಒಂದೇ ಚುಕ್ಕೆಯಿಂದ ಹೊರಡುವ ಬೆಳಕು, ಎಲ್‌ಇಡಿಯಲ್ಲಿ ಇಡೀ ಬುರುಡೆಯೇ ಬೆಳಗುತ್ತದೆ. ಹಾಗಾಗಿ 500 ವಾಟಿನ ಹ್ಯಾಲೊಜನ್. ಅದನ್ನು ಬರಿಗೈಯಲ್ಲಿ ಮುಟ್ಟುವಂತಿಲ್ಲ; ಬೆರಳಿನ ಎಣ್ಣೆ ಅಂಟಿದ ಕಡೆ ಗಾಜು ವಿಪರೀತ ಕಾದು ಹಾಳಾಗುತ್ತದೆ. ರಾಯರು ಕರ್ಚೀಫಿನಲ್ಲಿ ಹಿಡಿದು ಕೂರಿಸಿ, ಹೊಟ್ಟೆಯ ಕೆಳಗಿನ ತಿರುಪು ಸಡಿಲಿಸಿ, ದೀಪವನ್ನು ಹಳಿಯ ಮೇಲೆ ಹಿಂದಕ್ಕೆ ಎಳೆದರು. ಬೆಳಕು ಸೋಫಾದ ಮೇಲೆ ಒಬ್ಬರೇ ಕೂರುವಷ್ಟಕ್ಕೆ ಕಿರಿದಾಯಿತು. ಮುಂದಕ್ಕೆ ತಳ್ಳಿದರು, ಟಿ.ವಿ., ದೇವರ ಮನೆ, ಶೂ ಸ್ಟ್ಯಾಂಡು ಎಲ್ಲ ಬೆಳಗಿತು.

ಆಮೇಲೆ ಶುರುವಾಯಿತು ನೋಡಿ. ಆ ಬೆಳಕಿನಡಿ ಯಾರೂ ಸುಮ್ಮನೆ ಕೂರಲಾರರು. ಪೇಪರನ್ನು ಮನಸ್ಸಿನಲ್ಲೇ ಓದುತ್ತಿದ್ದ ಮಾವನವರು ಈಗ ಸಂಪಾದಕೀಯವನ್ನು ನಿಂತು ಓದುತ್ತಾರೆ. ಟ್ಯಾಂಕಿನ ನೀರಿನ ವಿಷಯಕ್ಕೆ ಜಗಳಕ್ಕೆಂದು ಬಂದ ಮೇಲಿನ ಮನೆಯವರು ಬೆಳಕಿನ ಅಂಚಿನಲ್ಲಿ ನಿಂತು ಒಂದು ಮಾತಾಡಿದರು, ಅರಿವಿಲ್ಲದೆಯೇ ಎರಡು ಹೆಜ್ಜೆ ಮುಂದೆ ಬಂದು ಉಳಿದದ್ದನ್ನು ಮುಗಿಸಿದರು, ಹೋಗುವಾಗ ಒಂದು ಗಳಿಗೆ ನಿಂತೇ ಹೋದರು. ತಾಲೀಮಿನಲ್ಲಿ ನಟರಿಗೆ “ಲೈಟ್ ತಗೊಳ್ಳಪ್ಪ, ಲೈಟ್ ತಗೋ” ಎಂದು ಗಂಟಲು ಹರಿಯುವಂತೆ ಕೂಗಬೇಕಿತ್ತಂತೆ. ನಮ್ಮ ನೆಂಟರಿಷ್ಟರಿಗೆ ಹೇಳಿಕೊಡುವ ಅಗತ್ಯವೇ ಬೀಳಲಿಲ್ಲ. ಲೈಟನ್ನೇ ತಲೆ ಎತ್ತಿ ನೋಡಿ, “ಅಬ್ಬಾ, ಎಂಥ ಆಂಟಿಕ್!” ಅನ್ನುವವರೂ ಇದ್ದರು. ಅವರಿಗೆ ಕಣ್ಣು ಕೋರೈಸಿ, ಮುಂದೆ ಇಟ್ಟ ಉಪ್ಪಿಟ್ಟು ಸ್ವಲ್ಪ ಹೊತ್ತು ಕಾಣುತ್ತಿರಲಿಲ್ಲ.

ಎಲ್ಲ ಮುಗಿದ ಮೇಲೆ ರಾಯರನ್ನು ಊಟಕ್ಕೆ ಕರೆದೆವು. ಅಷ್ಟು ತಿಕ್ಕಿ, ಬಣ್ಣ ಹೊಡೆದು, ತೂಗುಹಾಕಿದ ಲೈಟನ್ನು ಅವರು ಒಂದು ಸಲವೂ ತಲೆ ಎತ್ತಿ ನೋಡಲಿಲ್ಲ. ಅವರ ಕಣ್ಣೆಲ್ಲ ಬೆಳಕು ಬಿದ್ದ ಜಾಗದ ಮೇಲೆ. ಅಲ್ಲಿ ನನ್ನ ಹೆಂಡತಿ ಬಡಿಸುತ್ತಿದ್ದಳು.

“ನೋಡಮ್ಮ, ನಿನ್ನ ಮುಖದ ಎಡಭಾಗ ಪೂರ್ತಿ ಕತ್ತಲು” ಅಂದರು ರಾಯರು, ಹುಳಿ ಕಲಸುತ್ತ. “ಒಂದು ಕಡೆಯಿಂದ ಹೊಡೆದರೆ ಹೀಗೇ. ಅಮೆರಿಕದ ಯೇಲ್‌ನಲ್ಲಿ ಮೆಕ್‌ಕ್ಯಾಂಡ್ಲೆಸ್ ಅಂತ ಒಬ್ಬ ಮೇಷ್ಟ್ರಿದ್ದರು. 1932ರಲ್ಲೇ ಪುಸ್ತಕ ಬರೆದು ಹೇಳಿಬಿಟ್ಟಿದ್ದಾರೆ: ಎರಡೂ ಕಡೆಯಿಂದ, 45 ಡಿಗ್ರಿಯಲ್ಲಿ, ಒಂದು ಬೆಚ್ಚಗೆ ಒಂದು ತಣ್ಣಗೆ. ಆಗ ಮುಖಕ್ಕೆ ಮುಖದ ಕಳೆ. ಆದರೆ ಹಿಂದಿನಿಂದ ಇನ್ನೊಂದು ಹಾಕಿದರೆ ಒಳ್ಳೇದು, ಮನುಷ್ಯ ಗೋಡೆಯಿಂದ ಬೇರೆಯಾಗಿ ಕಾಣ್ತಾನೆ.”

ಬಾಯ್ಲರ್ ಎಂದು ಕರೆದವಳು ಸೌಟು ಹಿಡಿದೇ ಯೋಚಿಸಿದಳು. “ಹಿಂದಿನಿಂದ ಹಾಕಿದರೆ ಬಿಳಿಕೂದಲು ಎದ್ದು ಕಾಣಲ್ವಾ ರಾಯರೇ?”

“ಅದಕ್ಕೆ ಲ್ಯಾವೆಂಡರ್ ಜಿಲೆಟಿನ್ ಇದೆಯಲ್ಲಮ್ಮ.”

ಅವಳು ನನ್ನ ಕಡೆ ತಿರುಗಿದಳು. “ರೀ, ಆ ಪ್ಲಂಬರ್ ನಂಬರು ಇಟ್ಕೊಂಡಿದೀರಾ? ಪೈಪು ಇನ್ನೂ ನಾಲ್ಕಡಿ ಬೇಕಾಗತ್ತೆ.”