37ನೇ ನಂಬರಿನ ಊರು

"ಹಳ್ಳೀಲಿ ಇರೋದಕ್ಕೆ ಅಷ್ಟು ದೂರ ಹೋಗಬೇಕಿತ್ತಾ? ನಮ್ಮೂರು ಏನು ಪಾಪ ಮಾಡಿತ್ತು?" ಎಂದು ಅಮ್ಮ ಫೋನಿನಲ್ಲಿ ಕೇಳಿದಾಗಲೆಲ್ಲ ನಾನು ಹವಾಮಾನದ ವಿಷಯಕ್ಕೆ ಜಾರಿಕೊಳ್ಳುತ್ತೇನೆ. ತುಮಕೂರು ಸೀಮೆಯಿಂದ ವಿಮಾನ ಹತ್ತಿದ ಮಗು ಲಂಡನ್ನಿನಲ್ಲೋ ನ್ಯೂಯಾರ್ಕಿನಲ್ಲೋ ಇದ್ದರೆ ಮದುವೆಮನೆಯಲ್ಲಿ ನಾಲ್ಕು ಜನರಿಗೆ ಹೇಳಿಕೊಳ್ಳಬಹುದು. ನಾನಿರುವುದು ರಾಸ್ಲಿನ್‌ನಲ್ಲಿ. ಸ್ಕಾಟ್ಲೆಂಡಿನ ರಾಜಧಾನಿ ಎಡಿನ್‌ಬರೋದಿಂದ ದಕ್ಷಿಣಕ್ಕೆ ಸುಮಾರು 11 ಕಿಲೋಮೀಟರ್. ನಡುವೆ ಒಂದು ಕೂಡುರಸ್ತೆ, ಅದರ ಆಚೀಚೆ ಕಲ್ಲಿನ ಮನೆಗಳು, ಆಮೇಲೆ ಕುರಿ, ಆಮೇಲೆ ಬೆಟ್ಟ. ಬಾಡಿಗೆ ಕಡಿಮೆ ಎಂದು ಬಂದೆ, ಉಳಿದುಬಿಟ್ಟೆ.

ಅಮ್ಮನ ಲೆಕ್ಕದಲ್ಲಿ ಇದು ಹಳ್ಳಿಯೂ ಅಲ್ಲ. ಹಳ್ಳಿ ಅಂದಮೇಲೆ ತಿಪ್ಪೆ ಇರಬೇಕು, ಅರಳಿಕಟ್ಟೆ ಇರಬೇಕು, ಬಸ್ಸಿಳಿದವರನ್ನು "ಯಾರ ಮನೆಗೆ ಬಂದ್ರಿ?" ಎಂದು ಕೇಳುವವರಿರಬೇಕು. ಮೊದಲಿನ ಎರಡಕ್ಕೆ ಇಲ್ಲಿ ಗತಿಯಿಲ್ಲ. ಮೂರನೆಯದು ಧಾರಾಳವಾಗಿದೆ, ಕೇಳುವ ರೀತಿ ಮಾತ್ರ ಬೇರೆ. ಯಾರೂ ನೇರ ವಿಚಾರಿಸುವುದಿಲ್ಲ. "ಇವತ್ತು ಮಳೆ ಬರಲಿಲ್ಲ ಅಲ್ವಾ" ಎಂದು ಶುರುಮಾಡುತ್ತಾರೆ. ಮಳೆಯಿಂದ ನಾಯಿಗೆ, ನಾಯಿಯಿಂದ ಮೊಣಕಾಲು ನೋವಿಗೆ ಮಾತು ಹೊರಳುವಷ್ಟರಲ್ಲಿ ನಿಮ್ಮ ಸಂಬಳವೊಂದನ್ನು ಬಿಟ್ಟು ಉಳಿದದ್ದೆಲ್ಲ ಅವರಿಗೆ ಗೊತ್ತಾಗಿರುತ್ತದೆ.

ಇಷ್ಟು ಪುಟ್ಟ ಊರಿಗೆ ಇಷ್ಟೊಂದು ಚರಿತ್ರೆ ಅತಿಯಾಯಿತು ಎಂಬುದು ನನ್ನ ಖಚಿತ ಅಭಿಪ್ರಾಯ. 1303ರ ಫೆಬ್ರವರಿಯಲ್ಲಿ ಇಲ್ಲೇ ಸ್ಕಾಟರು ಇಂಗ್ಲಿಷರ ಸೈನ್ಯವನ್ನು ಸೋಲಿಸಿದರು. ಎಂಟು ಸಾವಿರ ಜನ ಮೂವತ್ತು ಸಾವಿರ ಜನರನ್ನು ಬಡಿದರು ಎಂದು ಊರಿನವರು ಹೇಳುತ್ತಾರೆ. ಆ ಲೆಕ್ಕವನ್ನು ಇತಿಹಾಸಕಾರರು ಒಪ್ಪುವುದಿಲ್ಲ. ಆದರೆ ಪಬ್ಬಿನಲ್ಲಿ ಇತಿಹಾಸಕಾರರ ಮಾತಿಗೆ ಬೆಲೆ ಅಷ್ಟಕ್ಕಷ್ಟೆ. ಹೊಲವೊಂದರ ಹೆಸರಿನಲ್ಲಿ ಇಂದಿಗೂ ಕಣಕಾಲಿನ ಎಲುಬು ಉಳಿದುಕೊಂಡಿದೆ. ಅಲ್ಲಿ ಜನ ಸಂಜೆ ನಾಯಿ ತಿರುಗಾಡಿಸುತ್ತಾರೆ. ಆರೇಳು ನೂರು ವರ್ಷ ಹಳೆಯದಾದರೆ ಯುದ್ಧವೂ ವಾಕಿಂಗಿಗೆ ಅಡ್ಡಿಯಾಗುವುದಿಲ್ಲ.

ಎಲ್ಲಕ್ಕಿಂತ ದೊಡ್ಡ ಹೆಸರು ಇಲ್ಲಿನ ಚಾಪೆಲ್‌ನದು. 1446ರಲ್ಲಿ ಸರ್ ವಿಲಿಯಂ ಸಿಂಕ್ಲೇರ್ ಎಂಬ ಪಾಳೆಯಗಾರ ಕಟ್ಟಿಸಲು ಹೊರಟದ್ದು ಶಿಲುಬೆಯಾಕಾರದ ದೊಡ್ಡ ದೇಗುಲ. 1484ರಲ್ಲಿ ಅವನು ತೀರಿಕೊಂಡ. ಕೆಲಸ ಅಲ್ಲಿಗೇ ನಿಂತಿತು. ಈಗ ಕಾಣುವುದು ಆ ನಕ್ಷೆಯ ಒಂದು ತುಂಡು. ತುಂಡೇ ಇಷ್ಟಾದರೆ! ಕಂಬ, ಕಮಾನು, ಚಾವಣಿ ಯಾವುದರಲ್ಲೂ ಅಂಗೈಯಗಲದ ಜಾಗವನ್ನೂ ಸುಮ್ಮನೆ ಬಿಟ್ಟಿಲ್ಲ: ಬಾಯಿಂದ ಬಳ್ಳಿ ಹೊರಟ ಹಸಿರು ಮನುಷ್ಯರ ಮುಖಗಳೇ ನೂರಕ್ಕೂ ಹೆಚ್ಚಿವೆ. ಬಿಳಿಗೋಡೆಯ ಸರಳ ಇಗರ್ಜಿಗಳನ್ನು ನೋಡಿ ಬಂದವರಿಗೆ ಇದು ಗಾಬರಿ ಹುಟ್ಟಿಸುತ್ತದಂತೆ. ಬೇಲೂರು ನೋಡಿ ಬೆಳೆದವರಿಗೆ ಗಾಬರಿಯಿಲ್ಲ, ಊರಿಗೆ ಬಂದಂತೆ ಸಮಾಧಾನವೇ ಆಗುತ್ತದೆ.

ಒಳಗೆ ಬಳ್ಳಿ ಸುತ್ತಿಕೊಂಡಂತೆ ಕೆತ್ತಿದ ಒಂದು ಕಂಬವಿದೆ. ಶಿಷ್ಯನ ಕಂಬ ಎಂದೇ ಅದರ ಹೆಸರು. ಬುಡದಲ್ಲಿ ಎಂಟು ಡ್ರ್ಯಾಗನ್ನುಗಳು. ಕತೆ ಹೀಗೆ: ಇಂಥ ಕಂಬ ಕೆತ್ತುವ ಮೊದಲು ಮೂಲವನ್ನು ನೋಡಿ ಬರೋಣ ಎಂದು ಗುರುಶಿಲ್ಪಿ ರೋಮಿಗೆ ಹೋದ. ಅವನು ಬರುವಷ್ಟರಲ್ಲಿ ಶಿಷ್ಯ ಕನಸಿನಲ್ಲಿ ಕಂಡಂತೆ ಕಂಬವನ್ನು ಕೆತ್ತಿ ಮುಗಿಸಿದ್ದ. ಗುರುವಿಗೆ ಹೊಟ್ಟೆಕಿಚ್ಚು ಹತ್ತಿ ಸುತ್ತಿಗೆಯಿಂದ ಶಿಷ್ಯನ ತಲೆಗೆ ಹೊಡೆದು ಕೊಂದೇಬಿಟ್ಟ. ಹಣೆಯ ಮೇಲೆ ಗಾಯವಿರುವ ಒಂದು ತಲೆಯನ್ನು ತೋರಿಸಿ ಇದು ಶಿಷ್ಯ ಎನ್ನುತ್ತಾರೆ. ಗುರುವಿನ ಮುಖವನ್ನು ಆ ಕಂಬವನ್ನೇ ನೋಡುತ್ತಿರುವ ಹಾಗೆ ಕೆತ್ತಿದ್ದಾರೆ, ಶಿಕ್ಷೆಯಾಗಿ.

ತುಮಕೂರಿನವರಿಗೆ ಈ ಕತೆ ಕೇಳಿದ ಕೂಡಲೇ ಕೈದಾಳ ನೆನಪಾಗದಿದ್ದರೆ ಅವರ ಮೂಲವನ್ನೇ ಸಂಶಯಿಸಬೇಕು. ಅದೂ ಪಟ್ಟಣದ ಮಗ್ಗುಲಿನ ಹಳೆಯ ಹಳ್ಳಿಯೇ. ಅಲ್ಲಿನ ಕತೆ ಹೀಗೆ: ಬೇಲೂರಿನಲ್ಲಿ ಅಪರಿಚಿತ ಹುಡುಗನೊಬ್ಬ ಬಂದು ಶಿಲ್ಪಿ ಜಕಣಾಚಾರಿಗೆ "ನಿಮ್ಮ ಶಿಲೆಯಲ್ಲಿ ದೋಷ ಇದೆ" ಅಂದ. ವಿಗ್ರಹಕ್ಕೆ ಗಂಧ ಬಳಿದರೆ ಹೊಟ್ಟೆಯ ಭಾಗವೊಂದು ಒಣಗಲೇ ಇಲ್ಲ. ಒಡೆದರೆ ಒಳಗಿನಿಂದ ನೀರು, ಕಪ್ಪೆ. ಜಕಣಾಚಾರಿ ಹುಡುಗನ ತಲೆ ಒಡೆಯಲಿಲ್ಲ, ದೋಷವಿದ್ದರೆ ಕೈ ಕಡಿದುಕೊಳ್ಳುತ್ತೇನೆ ಎಂದಿದ್ದ ಮಾತಿಗೆ ಕಟ್ಟುಬಿದ್ದು ತನ್ನ ಕೈಯನ್ನೇ ಕಡಿದುಕೊಂಡ. ಆ ಹುಡುಗ ಡಂಕಣ, ಅವನ ಮಗ. ಕೈದಾಳದಲ್ಲಿ ಚೆನ್ನಕೇಶವನ ಗುಡಿ ಕಟ್ಟಿದ ಮೇಲೆ ಕೈ ಮತ್ತೆ ಬಂತು. ಎರಡೂ ಕತೆಗಳಿಗೆ ದಾಖಲೆಯ ಬೆಂಬಲವಿಲ್ಲ. ಬೇಲೂರಿನ ಶಾಸನಗಳಲ್ಲಿ ಬಳ್ಳಿಗಾವೆಯ ದಾಸೋಜನ ಹೆಸರು ಸಿಗುತ್ತದೆ, ಜಕಣನದು ಸಿಗುವುದಿಲ್ಲ. ಆದರೂ ಚೆನ್ನಾಗಿ ಮಾಡಿದ ಕೆಲಸದ ಹಿಂದೆ ಯಾರದಾದರೂ ರಕ್ತ ಇರಲೇಬೇಕು ಎಂದು ಎರಡು ಖಂಡಗಳ ಜನರಿಗೆ ಯಾಕೆ ಅನ್ನಿಸಿತೋ! ಪಕ್ಕದ ಮನೆಯ ಅಜ್ಜಿಗೆ ಕೈದಾಳದ ಕತೆ ಹೇಳಿದೆ. ಪೂರ್ತಿ ಕೇಳಿಸಿಕೊಂಡು, "ನಿಮ್ಮವನು ವಾಸಿ. ನಮ್ಮವನಿಗೆ ಸಿಟ್ಟು ಜಾಸ್ತಿ" ಎಂದು ತೀರ್ಪು ಕೊಟ್ಟರು.

ಈ ಚಾಪೆಲ್ ಪಟ್ಟ ಪಾಡು ಅಷ್ಟಿಷ್ಟಲ್ಲ. 1650ರಲ್ಲಿ ಕ್ರಾಮ್‌ವೆಲ್‌ನ ಸೈನ್ಯ ಇದರೊಳಗೆ ಕುದುರೆ ಕಟ್ಟಿತು. 1688ರಲ್ಲಿ ಎಡಿನ್‌ಬರೋದಿಂದ ಬಂದ ಗುಂಪು ಊರಿನ ಕೆಲವರನ್ನೂ ಸೇರಿಸಿಕೊಂಡು ಸಿಕ್ಕಿದ್ದನ್ನು ಒಡೆಯಿತು. ಆದರೆ ದೊಡ್ಡ ಏಟು ಕೊಟ್ಟದ್ದು ಒಳ್ಳೆಯ ಉದ್ದೇಶ: 1950ರ ದಶಕದಲ್ಲಿ ಕೆತ್ತನೆ ಉಳಿಸಲೆಂದು ಒಳಗೆಲ್ಲ ಲೇಪ ಬಳಿದರು, ಅದರಿಂದ ತೇವ ಕಲ್ಲಿನೊಳಗೇ ಸಿಕ್ಕಿಹಾಕಿಕೊಂಡಿತು. 1997ರಲ್ಲಿ ಇಡೀ ಕಟ್ಟಡದ ಮೇಲೆ ಉಕ್ಕಿನ ಚಪ್ಪರ ಹಾಕಿ, ಕಲ್ಲು ಒಣಗಲೆಂದು ಬಿಟ್ಟು, 2010ರಲ್ಲಿ ತೆಗೆದರು. ಒಣಗಲು ಹದಿಮೂರು ವರ್ಷ! ಈ ಊರಿನ ಚಳಿಗಾಲದಲ್ಲಿ ಒಂದು ಟವೆಲ್ ಒಣಗಿಸಿ ನೋಡಿದವರಿಗೆ ಅದು ಹೆಚ್ಚೆನಿಸುವುದಿಲ್ಲ.

ಅದೇ ಚಪ್ಪರದ ಕಾಲದಲ್ಲಿ, 2003ರಲ್ಲಿ, 'ದ ಡಾ ವಿಂಚಿ ಕೋಡ್' ಕಾದಂಬರಿ ಬಂತು. ಕತೆಯ ಕೊನೆಗೆ ನಾಯಕ ಏಸುವಿನ ಪವಿತ್ರ ಪಾತ್ರೆಯ ಜಾಡು ಹಿಡಿದು ಈ ಊರಿಗೇ ಬರುತ್ತಾನೆ. ಅವನ ಹಿಂದೆ ಓದುಗರೂ ಬಂದರು, 2006ರ ಸಿನಿಮಾ ಮುಗಿದ ಮೇಲೆ ಪ್ರೇಕ್ಷಕರೂ ಬಂದರು. ವರ್ಷದ ಲೆಕ್ಕ 1.5 ಲಕ್ಷ ದಾಟಿತು. ಚಾಪೆಲ್‌ನ ದುರಸ್ತಿಗೆ ಅದರಿಂದ ಉಪಕಾರವೇ ಆಯಿತು ಅನ್ನಿ. ಪ್ರವಾಸಿಗಳು ನನ್ನನ್ನೂ ದಾರಿ ಕೇಳುತ್ತಾರೆ. ಕೇಳಿದ ಮೇಲೆ ಮುಖ ನೋಡಿ, ಸ್ಥಳೀಯರನ್ನೇ ಕೇಳಬೇಕಿತ್ತೇನೋ ಎಂದು ಅನುಮಾನಿಸುತ್ತಾರೆ. ಪಾತ್ರೆ ನಿಜವಾಗಿಯೂ ಇದೆಯಾ ಎಂದು ಪಿಸುಗುಟ್ಟಿದವರೂ ಉಂಟು. ಊರಿನವರ ಚಿಂತೆ ಬೇರೆ: ಈ ಪ್ರವಾಸಿಗಳು ಕಾರುಗಳನ್ನು ಎಲ್ಲಿ ನಿಲ್ಲಿಸುತ್ತಾರೆ ಎಂಬುದು.

ಕಾದಂಬರಿಗಿಂತ ಮೊದಲೇ ಊರಿಗೆ ಪತ್ರಕರ್ತರ ದಂಡು ಬಂದಿತ್ತು, ಒಂದು ಕುರಿಯನ್ನು ನೋಡಲು. ರಾಸ್ಲಿನ್ ಇನ್‌ಸ್ಟಿಟ್ಯೂಟ್‌ನಲ್ಲಿ 1996ರ ಜುಲೈ 5ರಂದು ಹುಟ್ಟಿದ ಡಾಲಿ, ಬೆಳೆದ ಪ್ರಾಣಿಯ ಕೋಶದಿಂದ ತದ್ರೂಪಾಗಿ ಹುಟ್ಟಿದ ಮೊದಲ ಸಸ್ತನಿ. 277 ಅಂಡಗಳಲ್ಲಿ ಉಳಿದು ಮರಿಯಾದದ್ದು ಅದೊಂದೇ. ಹೆತ್ತವಳು ಕರಿಮುಖದ ತಳಿಯವಳು, ಮರಿ ಬಿಳಿಮುಖದ್ದು. ವಿಜ್ಞಾನಿಗಳಿಗೆ ಕಣ್ಣೆದುರಿನ ಸಾಕ್ಷಿ ಅದೇ. ನಮ್ಮ ಕಡೆ ಬಾಣಂತಿ ನೋಡಲು ಬರುವವರು "ಮೂಗು ಅಪ್ಪಂದು" ಎಂದು ಹೇಳದೆ ಎದ್ದುಹೋಗುವುದಿಲ್ಲ. ಇಲ್ಲಿ ಅಪ್ಪನೇ ಇಲ್ಲ. ಡಾಲಿ 2003ರಲ್ಲಿ ಶ್ವಾಸಕೋಶದ ಕಾಯಿಲೆಯಿಂದ ಹೋಯಿತು. ಈಗ ಎಡಿನ್‌ಬರೋದ ರಾಷ್ಟ್ರೀಯ ವಸ್ತುಸಂಗ್ರಹಾಲಯದ ಗಾಜಿನೊಳಗೆ ನಿಂತಿದೆ. ಹಳ್ಳಿಯಲ್ಲಿ ಹೆಸರು ಮಾಡಿದವರು ಕಡೆಗೆ ಸಿಟಿ ಸೇರುವುದು ಎಲ್ಲ ದೇಶದಲ್ಲೂ ಇದ್ದದ್ದೇ. ಸಂಸ್ಥೆಯೂ 2011ರಲ್ಲಿ ಹತ್ತಿರದ ಈಸ್ಟರ್ ಬುಷ್‌ಗೆ ಹೋಯಿತು, ಹೆಸರಿನಲ್ಲಿ ಊರನ್ನು ಮಾತ್ರ ಉಳಿಸಿಕೊಂಡು.

ಚರಿತ್ರೆಯಿರುವ ಊರಿನಲ್ಲಿ ಬದುಕುವವರಿಗೆ ಚರಿತ್ರೆ ಸಿಗುವುದು ಮುಖ್ಯವಾಗಿ ಕಿಟಕಿಯ ರೂಪದಲ್ಲಿ. ನಮ್ಮ ಬಾಡಿಗೆಮನೆಯ ಕಿಟಕಿಗಳು ಮರದವು, ಮೇಲೆ ಕೆಳಗೆ ಸರಿಯುವಂಥವು. ಡಿಸೆಂಬರಿನಲ್ಲಿ ಮುಚ್ಚಿದ್ದರೂ ಪರದೆ ಅಲ್ಲಾಡುತ್ತದೆ. ಬದಲಾಯಿಸೋಣವೆಂದರೆ ಸಂರಕ್ಷಿತ ಪ್ರದೇಶ, ಅನುಮತಿ ಬೇಕು. ಅರ್ಜಿಯ ಮಾತೆತ್ತಿದರೆ ಮನೆಯ ಮಾಲೀಕರು "ಇದು ಎಷ್ಟು ಹಳೆಯ ಗಾಜು ಗೊತ್ತಾ" ಎಂದು ಹೆಮ್ಮೆಪಡುತ್ತಾರೆ. ಗಾಳಿಯೂ ಅಷ್ಟೇ ಹಳೆಯದು. ಆ ತಿಂಗಳು ಮಧ್ಯಾಹ್ನ ಮೂರೂ ಮುಕ್ಕಾಲರ ಸುಮಾರಿಗೆ ಸೂರ್ಯ ಮುಳುಗಿರುತ್ತಾನೆ. ಕಾಫಿ ಕುಡಿಯುವುದೋ ಊಟ ಮಾಡುವುದೋ ತಿಳಿಯುವುದಿಲ್ಲ. ಜೂನಿನಲ್ಲಿ ರಾತ್ರಿ ಹತ್ತಾದರೂ ಬೆಳಕು, ಆಗ ಮಕ್ಕಳನ್ನು ಮಲಗಿಸುವುದು ಯಾವ ತಾಯಿತಂದೆಯ ಕೈಲೂ ಆಗದ ಕೆಲಸ.

ಇಷ್ಟಾಗಿಯೂ ಊರನ್ನು ನಡೆಸುವುದು ಚಾಪೆಲ್ಲೂ ಅಲ್ಲ, ಕುರಿಯೂ ಅಲ್ಲ, 37ನೇ ನಂಬರಿನ ಬಸ್ಸು. ರೈಲು ಎಂದೋ ನಿಂತಿತು, ಹಳಿಯಿದ್ದ ದಾರಿಯಲ್ಲಿ ಈಗ ಸೈಕಲ್ ಓಡುತ್ತದೆ. ಹಾಗಾಗಿ ಕೆಲಸಕ್ಕೂ, ಆಸ್ಪತ್ರೆಗೂ, ಲೀತ್ ಕಡೆಯ ದೇವಸ್ಥಾನಕ್ಕೂ, ಕೊತ್ತಂಬರಿ ಸೊಪ್ಪಿಗೂ ಈ ಡಬಲ್ ಡೆಕ್ಕರೇ ಗತಿ. ನಗದು ಕೊಟ್ಟರೆ ಬಾಕಿ ವಾಪಸ್ ಬರುವುದಿಲ್ಲ. "ಮುಂದೆ ಇಸ್ಕೊಳ್ಳಿ" ಎಂದು ಟಿಕೆಟ್ಟಿನ ಹಿಂದೆ ಬರೆದುಕೊಡುವ ಕಂಡಕ್ಟರೂ ಇಲ್ಲ. ಇಳಿಯುವಾಗ ಪ್ರತಿಯೊಬ್ಬರೂ ಡ್ರೈವರಿಗೆ ಥ್ಯಾಂಕ್ಸ್ ಹೇಳಿಯೇ ಇಳಿಯುತ್ತಾರೆ. ಅಮ್ಮ ನಮ್ಮಲ್ಲಿನ ಶಕ್ತಿ ಯೋಜನೆಯ ಬಗ್ಗೆ ಜಂಬ ಕೊಚ್ಚಿದಾಗ ನಾನೂ ಹೇಳಿದೆ: ಇಲ್ಲಿ ಅರವತ್ತು ತುಂಬಿದವರಿಗೂ ಇಪ್ಪತ್ತೆರಡು ತುಂಬದವರಿಗೂ ಬಸ್ಸು ಉಚಿತ. "ನಿನಗೆ?" ಅಂದರು. ನಾನು ಮಧ್ಯದವರ ಪೈಕಿ, ಎಲ್ಲರ ಪರವಾಗಿ ತೆರುವವರ ಪೈಕಿ.

ಈ ಊರಲ್ಲಿ ನನಗೆ ತೀರಾ ಇಷ್ಟವಾದದ್ದು ಚಾಪೆಲ್‌ನ ಹಿಂದೆ ಇಳಿಯುವ ಕಣಿವೆ. ನಾರ್ತ್ ಎಸ್ಕ್ ಹೊಳೆ, ಬಂಡೆಯ ಮೇಲೆ ಕುಸಿದ ಕೋಟೆ, ಮರಗಳ ನಡುವೆ ಪಾಚಿ ಹಿಡಿದ ಮದ್ದಿನ ಕಾರ್ಖಾನೆಯ ಗೋಡೆಗಳು. ಔಷಧಿಯ ಮದ್ದಲ್ಲ, ಸಿಡಿಮದ್ದು. 19ನೇ ಶತಮಾನದ ಆರಂಭದಿಂದ 1954ರವರೆಗೆ ಇಲ್ಲಿ ತಯಾರಾಗುತ್ತಿತ್ತು. ವಸಂತದಲ್ಲಿ ನೆಲದ ತುಂಬ ಕಾಡುಬೆಳ್ಳುಳ್ಳಿ ಸೊಪ್ಪು. ಒಂದು ಹಿಡಿ ತಂದು ಬಸ್ಸಾರು ಮಾಡಿದರೆ ಮನೆಯಲ್ಲಿ ಎರಡು ದಿನ ಘಮ, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿ. ಸ್ಕಾಟ್ಲೆಂಡಿನಲ್ಲಿ 2003ರ ಕಾಯ್ದೆಯ ಪ್ರಕಾರ ಬೆಳೆ ತುಳಿಯದೆ, ಯಾರ ಮನೆಯಂಗಳಕ್ಕೂ ನುಗ್ಗದೆ, ಯಾರ ಜಮೀನಿನಲ್ಲಾದರೂ ನಡೆಯಬಹುದು. 'ಅನ್ಯರಿಗೆ ಪ್ರವೇಶವಿಲ್ಲ' ಫಲಕ ಓದಿಕೊಂಡೇ ಬೆಳೆದ ಕಾಲುಗಳಿಗೆ ಇದನ್ನು ನಂಬಲು ಸ್ವಲ್ಪ ಸಮಯ ಬೇಕಾಯಿತು.

ನೀವು ಈ ಕಡೆ ಬಂದರೆ ಭಾನುವಾರ ಬೆಳಿಗ್ಗೆ ಬೇಡ, ಚಾಪೆಲ್‌ನಲ್ಲಿ ಪ್ರಾರ್ಥನೆ ಇರುತ್ತದೆ. ಕೊಡೆ ತರಬೇಡಿ, ಇಲ್ಲಿನ ಗಾಳಿಗೆ ಅದು ಅರ್ಧ ಗಂಟೆ ಬಾಳುವುದಿಲ್ಲ; ರೇನ್‌ಕೋಟ್ ಇರಲಿ. ಒಳಗೆ ಫೋಟೊದ ಗೊಡವೆ ಬಿಟ್ಟು ಶಿಷ್ಯನ ಕಂಬವನ್ನು ಕಣ್ಣಿನಿಂದಲೇ ನೋಡಿ. ನೋಡಿ ಮುಗಿಸಿ ಸೀದಾ ಬಸ್ ಸ್ಟಾಪಿಗೆ ಓಡಬೇಡಿ, ಕಣಿವೆಗೆ ಒಮ್ಮೆ ಇಳಿಯಿರಿ. ಅದಕ್ಕೆ ಟಿಕೆಟ್ ಇಲ್ಲ.