ಮೂರು ಯೂನಿಟ್ ಮಾತು

ನಮ್ಮವರಲ್ಲಿ ಯಾರಾದರೂ ಏನಾದರೂ ಓದಲು ಹೊರಟರೆ ಮೊದಲು ಎದುರಾಗುವ ಪ್ರಶ್ನೆ, ‘ಓದಿ ಮುಂದೇನು?’ ಗಂಡನ ಕೆಲಸದ ಬೆನ್ನಿಗೆ ಕ್ಯಾಲಿಫೋರ್ನಿಯಾದ ಫ್ರೀಮಾಂಟ್ ಸೇರಿದ ನನಗೆ ಇದರಿಂದ ವಿನಾಯಿತಿ ಸಿಕ್ಕಿದೆ. ನನ್ನ ಎಚ್-4 ವೀಸಾದಲ್ಲಿ ದುಡಿಯುವ ಹಾಗಿಲ್ಲ, ಓದಬಹುದು. ಮುಂದೇನೂ ಇಲ್ಲವೆಂದು ಸರ್ಕಾರವೇ ಬರೆದುಕೊಟ್ಟ ಮೇಲೆ ಮನಸ್ಸಿಗೆ ಬಂದದ್ದನ್ನು ಓದಲು ಅಡ್ಡಿಯೇನು?

ಸೇರಿದ್ದು ಕಮ್ಯುನಿಟಿ ಕಾಲೇಜಿಗೆ. ಈ ವಂಶದ ಹಿರಿಯಕ್ಕ ಇಲಿನಾಯ್ ರಾಜ್ಯದ ಜೋಲಿಯೆಟ್‌ನಲ್ಲಿ 1901ರಲ್ಲಿ ಹುಟ್ಟಿದ್ದು. ಈಗ ಕ್ಯಾಲಿಫೋರ್ನಿಯಾ ಒಂದರಲ್ಲೇ ನೂರಕ್ಕೂ ಹೆಚ್ಚು ತಂಗಿಯರಿದ್ದಾರೆ. ಹದಿನೆಂಟು ತುಂಬಿದ ಯಾರು ಬೇಕಾದರೂ ಸೇರಬಹುದು. ಕಟ್‌ಆಫ್ ಇಲ್ಲ, ಡೊನೇಶನ್ ಇಲ್ಲ, ಶಾಸಕರ ಮನೆ ಬಾಗಿಲು ಕಾಯಬೇಕಿಲ್ಲ. ಕೋರ್ಸಿನ ತೂಕವನ್ನು ಇಲ್ಲಿ ಯೂನಿಟ್‌ಗಳಲ್ಲಿ ಅಳೆಯುತ್ತಾರೆ; ರಾಜ್ಯದಲ್ಲಿ ನೆಲೆಸಿದವರಿಗೆ ಯೂನಿಟ್‌ಗೆ 46 ಡಾಲರ್ ಫೀಸು.

“ಅಷ್ಟು ದೂರ ಹೋಗಿ ಕುಂಬಾರಿಕೆ ಕಲೀತಿದೀಯೇನೇ?” ಎಂದು ಅಮ್ಮ ಮೈಸೂರಿನಿಂದ ಕೇಳಿದಳು.

“ಇನ್ನೊಂದೂ ತಗೊಂಡಿದೀನಮ್ಮ. ಮಾತಾಡೋದು ಹೇಗೆ ಅಂತ.”

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. “ನಿಂಗೇ?” ಎಂದಳು.

ಸೆರಾಮಿಕ್ಸ್ ತರಗತಿಯಲ್ಲಿ ಮೊದಲು ಜೇಡಿಮಣ್ಣನ್ನು ನಾದಿ ನಾದಿ ಒಳಗಿನ ಗಾಳಿ ತೆಗೆಯಬೇಕು. ಚಪಾತಿ ಹಿಟ್ಟು ಕಲಸಿದ ಕೈಗೆ ಅದು ಕಷ್ಟವಲ್ಲ. ಕಷ್ಟವಿರುವುದು ಚಕ್ರದ ಮೇಲೆ. ಮುದ್ದೆ ನಟ್ಟನಡುವೆ ಕೂರದಿದ್ದರೆ ಪಾತ್ರೆಯ ಗೋಡೆ ಎತ್ತುವಾಗ ಓಲಾಡುತ್ತದೆ. ಪಕ್ಕದ ಚಕ್ರದಲ್ಲಿ ನಿವೃತ್ತ ಬಸ್ ಡ್ರೈವರ್ ಒಬ್ಬರು. ಚೆಂದದ ಬಟ್ಟಲು ಎತ್ತುತ್ತಾರೆ, ತಂತಿಯಿಂದ ಅದನ್ನು ಸರಿಯಾಗಿ ಎರಡು ಹೋಳು ಮಾಡುತ್ತಾರೆ, ಗೋಡೆ ಮೇಲಿಂದ ಕೆಳಗೆ ಒಂದೇ ದಪ್ಪವಿದೆಯೇ ಎಂದು ಕನ್ನಡಕ ಏರಿಸಿ ನೋಡಿ, ಮತ್ತೆ ಮಣ್ಣಿನ ಬಕೆಟ್ಟಿಗೆ ಹಾಕುತ್ತಾರೆ. ಒಂದನ್ನಾದರೂ ಮನೆಗೆ ಒಯ್ಯಬಾರದೇ ಎಂದರೆ, “ಮನೆಯಲ್ಲಿ ಬಟ್ಟಲುಗಳಿವೆ” ಎಂದರು. ಕಲಿಕೆಯ ಬಗ್ಗೆ ಇಷ್ಟು ನಿಶ್ಚಿಂತೆಯ ಮಾತನ್ನು ನಾನು ಯಾವ ಘಟಿಕೋತ್ಸವದಲ್ಲೂ ಕೇಳಿಲ್ಲ.

ಪಬ್ಲಿಕ್ ಸ್ಪೀಕಿಂಗ್ ಮೂರು ಯೂನಿಟ್. ಚೀಟಿ ನೋಡಿ ಓದುವಂತಿಲ್ಲ, ಐದು ನಿಮಿಷ ಮೀರುವಂತಿಲ್ಲ, ಹೇಳಬೇಕಾದ್ದನ್ನು ಮೊದಲೇ ಹೇಳಿಬಿಡಬೇಕು. ನಮ್ಮಲ್ಲೋ ಮಳೆ, ಬೆಳೆ, ಯಾರದೋ ಮಂಡಿನೋವು ಎಲ್ಲ ದಾಟಿದ ಮೇಲಲ್ಲವೇ ಮದುವೆಯ ಮಾತಿಗೆ ಬರುವುದು? ಫಿಲ್ಟರ್ ಕಾಫಿ ಮಾಡುವುದನ್ನು ವಿವರಿಸಲು ನಿಂತ ನಾನು ಚಿಕ್ಕಮಗಳೂರಿನ ತೋಟದಿಂದ ಶುರುಮಾಡಿದೆ. ಡಿಕಾಕ್ಷನ್ ಇಳಿಯುವ ಮೊದಲೇ ಸಮಯ ಮುಗಿಯಿತು.

ಪಕ್ಕದ ಹೇವರ್ಡ್‌ನ ಶಬೋ ಎಂಬ ಕಮ್ಯುನಿಟಿ ಕಾಲೇಜಿನಲ್ಲಿ ನಟ ಟಾಮ್ ಹ್ಯಾಂಕ್ಸ್ ಓದಿದ್ದರು. ಅವರೇ ನಿರ್ದೇಶಿಸಿದ 2011ರ ‘ಲ್ಯಾರಿ ಕ್ರೌನ್’ ಚಿತ್ರದಲ್ಲಿ, ಡಿಗ್ರಿ ಇಲ್ಲವೆಂದು ಕೆಲಸ ಕಳೆದುಕೊಂಡ ನಡುವಯಸ್ಕನೊಬ್ಬ ಇಂಥದ್ದೇ ಭಾಷಣದ ತರಗತಿಗೆ ಬಂದು ಕೂರುತ್ತಾನೆ. ನಮ್ಮ ತರಗತಿಯಲ್ಲೂ ಹದಿನೆಂಟರ ಹುಡುಗ ಅರವತ್ತರ ಅಜ್ಜಿಯ ಭಾಷಣಕ್ಕೆ ಟೈಮ್ ನೋಡುತ್ತಾನೆ. ಇಬ್ಬರ ಕೈಯೂ ಒಂದೇ ಸಮ ನಡುಗುತ್ತದೆ.

ಮುಂದಿನ ಸೆಮಿಸ್ಟರಿಗೆ ಇಂಟರ್‌ಪರ್ಸನಲ್ ಕಮ್ಯುನಿಕೇಶನ್ ಇದೆ. ಇನ್ನೊಬ್ಬರು ಹೇಳುವುದನ್ನು ಕೇಳಿಸಿಕೊಳ್ಳುವುದು ಹೇಗೆಂದು ಅದರಲ್ಲಿ ಕಲಿಸುತ್ತಾರಂತೆ. ಮನೆಯಿಂದ ಒಬ್ಬರು ಸೇರಲೇಬೇಕೆಂದು ನಾನೂ ಯಜಮಾನರೂ ಒಪ್ಪಿದ್ದೇವೆ. ಯಾರು ಎಂಬುದರಲ್ಲಿ ಮಾತ್ರ ಒಮ್ಮತವಿಲ್ಲ.