ಕಾಲಿಗಷ್ಟೇ ಸುಣ್ಣ

(ಬಳಿಚಕ್ರ ಎಂಬ ಊರಿನ ಬಯಲಿನಲ್ಲಿ ಓಟದ ಗೆರೆಯೊಡನೆ ಕಾಲ್ಪನಿಕ ಸಂದರ್ಶನ. ನೆಲ ಎರಿ ಮಣ್ಣು. ತೂತು ಡಬ್ಬಿಯಿಂದ ಎಳೆದ ಗೆರೆ ಬಿರುಕು ಬಂದಲ್ಲೆಲ್ಲ ಒಳಗಿಳಿದು, ದಾಟಿದ ಮೇಲೆ ಮತ್ತೆ ಬೆಳ್ಳಗೆ ಏಳುತ್ತದೆ.)

ಗೆರೆಯವ್ವ, ನಿಮ್ಮ ಪರಿಚಯ?

ತವರುಮನಿ ಭೀಮಾ ಸೀಮಿ ಸುಣ್ಣದಕಲ್ಲು ರೀ. ಅಣ್ಣತಮ್ಮಂದಿರೆಲ್ಲ ವಾಡಿ ಸಿಮೆಂಟ್ ಫ್ಯಾಕ್ಟರಿ ಸೇರಿ ಗಟ್ಟಿ ಆದ್ರು. ನಾ ಒಬ್ಬಾಕಿ ಕ್ರೀಡಾಕೂಟದ ಪಾಲಿಗೆ ಬಿದ್ದೆ.

ಕೆಲಸ?

ಕಾಯ್ದೆ ಕಾಯೋದು. ತಿರುವಿನ್ಯಾಗ ಒಳಗಿನ ಗೆರಿ ತುಳಿದು ದಾರಿ ಉಳಿಸಿದ್ರ ಹುಡುಗ ಔಟ್. ಎರಡು ಜ್ವಾಳದ ರೊಟ್ಟಿ ತಿಂದು ಬರಿಗಾಲಲೆ ಓಡಿದವನಿದ್ರೂ ಔಟ್. ಪುರಾವೆ ಅಂಗಾಲಿಗೇ ಹತ್ತಿರ್ತದ ನೋಡ್ರಿ.

ಗೆರೆ ದಾಟುವವರು ಓಟಗಾರರು ಮಾತ್ರವೇ?

ನಗಸಬ್ಯಾಡ್ರಿ. ಅಂತರ ವಿಶ್ವವಿದ್ಯಾಲಯ ಕೂಟಕ್ಕ ವಯಸ್ಸು 17ರಿಂದ 25, ರೆಗ್ಯುಲರ್ ವಿದ್ಯಾರ್ಥಿ ಆಗಿರ್ಬೇಕು ಅಂತ ರೂಲ್ ಅದ. ಅಡ್ಮಿಶನ್ ಒಂದೂರಾಗ, ಪ್ರ್ಯಾಕ್ಟೀಸ್ ಇನ್ನೊಂದೂರಾಗ, ಹಾಜರಿ ಮಾತ್ರ ಪೂರಾ ಅಂದ್ರ ಯಾರ ಕೈಚಳಕ? ಫಾರ್ಮಿಗಿ ಸಹಿ ಹಾಕಿದವರು ಶಾಮಿಯಾನದ ನೆರಳಾಗ ಬಾದಾಮಿ ಹಾಲು ಕುಡೀತಾರ. ಅಲ್ಲಿತನಕ ನನ್ನ ಎಳದಿಲ್ಲ.

ಉದ್ದೀಪನ ಮದ್ದು?

2023ರ ಸೆಪ್ಟೆಂಬರಿನ ದೆಹಲಿ ರಾಜ್ಯ ಕೂಟ ಕೇಳೀರಿಲ್ಲ? ಮದ್ದು ಪತ್ತೆ ಹಚ್ಚೋ ನಾಡಾ ಸಂಸ್ಥೆಯವರು ಬಂದಾರ ಅನ್ನೂದೇ ತಡ, ಗಂಡಸರ 100 ಮೀಟರ್ ಫೈನಲ್‌ಗೆ ನಿಂತಾವ ಒಬ್ಬನೇ! ಶೌಚಾಲಯದಾಗ ಸಿರಿಂಜ್ ಬಿದ್ದಿದ್ವು. ಒಬ್ಬ ಹುಡುಗಿ ಸ್ಟೀಪಲ್‌ಚೇಸ್ ಮುಗಿದ ಮ್ಯಾಲೂ ನಿಲ್ಲದ ಓಡಿದಳು, ಸ್ಯಾಂಪಲ್ ಕೇಳೋರು ಆಕಿ ಬೆನ್ನು ಹತ್ತಿದ್ರು. ಅಲ್ಲಿ ಗೆರಿ ನಮ್ಮಕ್ಕ, ಸಿಂಥೆಟಿಕ್ ಮ್ಯಾಲಿನ ಬಣ್ಣದಾಕಿ. 'ಮುಗೀತು, ನಿಲ್ಲವಾ' ಅಂದ್ರೂ ಕೇಳಲಿಲ್ಲಂತ. ಅದೇ ವರ್ಷ 5,000ಕ್ಕೂ ಹೆಚ್ಚು ಸ್ಯಾಂಪಲ್ ಪರೀಕ್ಷಿಸಿದ ದೇಶಗಳಾಗ ಸಿಕ್ಕಿಬಿದ್ದ ಪ್ರಮಾಣ ನಮ್ಮದೇ ಹೆಚ್ಚು, ನೂರಕ್ಕ 3.8. ಪದಕಪಟ್ಟಿಯಾಗ ಸಿಗದ ಮೊದಲ ನಂಬರ್ ಇಲ್ಲಿ ಸಿಕ್ತು.

ತಪ್ಪು ಮಾಡಿದ್ದು ಓಟಗಾರರೇ ಅಲ್ಲವೇ?

ಅವರನ್ನ ಬಿಟ್ಟುಬಿಡ್ರಿ ಅಂತ ನಾ ಅನ್ನಂಗಿಲ್ಲ. ಮೈಯಾಗ ಏನು ಸಿಕ್ಕರೂ ಹೊಣಿ ಓಡೋರದೇ ಅಂತ ಕಾಯ್ದೆ ಅದ. ಸಿದ್ದಾಪುರದ ಅಶ್ವಿನಿ ಅಕ್ಕುಂಜಿನೇ ನೋಡ್ರಿ. 2010ರಾಗ ಕಾಮನ್‌ವೆಲ್ತ್ ರಿಲೇ ಬಂಗಾರ, ಏಷ್ಯನ್ ಗೇಮ್ಸ್‌ದಾಗ ಎರಡು ಬಂಗಾರ. ಮರುವರ್ಷ ಜೊತೆಗಾರ್ತಿಯರ ಕೂಡ ಸಿಕ್ಕಿಬಿದ್ದರು. ಕೋಚ್ ಕೊಟ್ಟ ಜಿನ್‌ಸೆಂಗ್ ನುಂಗಿದ್ವಿ ಅಂದ್ರು. ಇಲ್ಲಿ ಒಂದು ವರ್ಷ ನಿಷೇಧ ಹಾಕಿದ್ರು, 2012ರಾಗ ಅಂತರರಾಷ್ಟ್ರೀಯ ಕ್ರೀಡಾ ನ್ಯಾಯಾಲಯ ಅದನ್ನ ಎರಡು ವರ್ಷ ಮಾಡ್ತು. ಉಕ್ರೇನಿನ ಕೋಚ್ ಯೂರಿ ಒಗೊರೊದ್ನಿಕ್‌ನನ್ನ ಕೆಲಸದಿಂದ ತೆಗೆದ್ರು. ಆಮ್ಯಾಲೆ?

ಆಮೇಲೆ?

ಕೆಲವು ವರ್ಷಕ್ಕ ಮತ್ತ ಅವನನ್ನೇ ಕರಕೊಂಡ್ರು!

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಅಂದಹಾಗಾಯಿತು.

ಸುಣ್ಣದ ಪಾಲು ಯಾರಿಗಿ ಅಂತ ನನಗ ಕೇಳ್ರಿ, ಹೆಸರು ಕೂಡಿಸಿ ಹೇಳ್ತೀನಿ. ಬೆಣ್ಣಿ ರಿಜಿಸ್ಟರ್ ಆಫೀಸಿನ್ಯಾಗ ಇರ್ತದ, ಕೀಲಿಕೈ ಸಾಹೇಬ್ರ ಕಡಿ.

ಹಾಗಾದರೆ ಮುಂದಿನ ಕೂಟದಲ್ಲಿ ಶಾಮಿಯಾನದ ಸುತ್ತಲೂ ಒಂದು ಗೆರೆ ಎಳೆಸೋಣವೇ?

ಎಳೀರಲ್ಲ, ನಾ ತಯಾರ್ ಅದೀನಿ. ಆದ್ರ ಯಪ್ಪಾ, ಸುಣ್ಣದ ಬಿಲ್ಲು ಪಾಸ್ ಮಾಡೋರು ಅವರೇ.